ನಾಶ್

ನಮ್ಮ ಕಿವಿಗೆ ನಾಶದಂತೆ ಕೇಳಿಸುತ್ತದೆ.
ಲೀಡ್ಸಿನ ಫ್ರೂಮಾಳಿಗೆ ಅದು
ಒಂದು ಕೋಟಿನ ಕಾಜಾ ಮುಗಿದು
ಇನ್ನೊಂದನ್ನು ಎಳೆದುಕೊಳ್ಳುವ ಮುನ್ನ
ಏಪ್ರನ್ ಜೇಬಿನಿಂದ ಬಾಯಿಗೆ ಜಾರುತ್ತಿದ್ದ
ಒಂದೇ ಒಂದು ಒಣದ್ರಾಕ್ಷಿ;
ಮೇಸ್ತ್ರಿ ತಿರುಗುವಷ್ಟರಲ್ಲಿ
ದವಡೆಯ ಸಂದಿಗೆ.
ಊಟವಲ್ಲ. ಊಟದ ಹೆಸರೆತ್ತಬೇಡಿ.

ಅವಳಮ್ಮನ ಜೊತೆ ಹಡಗಿಳಿದ ಯಿಡ್ಡಿಷ್ ಮಾತು,
ಇಲ್ಲಿಯ ನೀರು ಹಿಡಿಸಿತೋ ಏನೋ,
ಮೈ ತುಂಬಿಕೊಂಡಿತು.

ಮೊಮ್ಮಗ ಲಿಯೋನೆಲ್ ಮೇಜು ಬಡಿದು ಕೂಗುತ್ತಾನೆ:
‘ಬನ್ರೋ, ಭರ್ಜರಿ ನಾಶ್!’
ಮೀನು, ಚಿಪ್ಸು, ಅರೆದ ಬಟಾಣಿ,
ಸೇಬಿನ ಕಡುಬು,
ಬೆಲ್ಟು ಎರಡು ತೂತು ಸಡಿಲ.

ಫ್ರೂಮಾಳ ತಟ್ಟೆ ಹಾಗೇ ಇದೆ.
ಅವನ ಕಡುಬಿನಿಂದ ಒಂದು ದ್ರಾಕ್ಷಿ
ಮೆಲ್ಲಗೆ ಕೀಳುತ್ತಾಳೆ.
ಮೇಸ್ತ್ರಿ ಸತ್ತು ಐವತ್ತು ವರ್ಷ;
ಆದರೂ ಒಮ್ಮೆ
ಬಾಗಿಲ ಕಡೆ ನೋಡಿಕೊಂಡು.