ಇಪ್ಪತ್ತಮೂರು ಗುಳಿ

ಅಮ್ಮತ್ತಿ ಕಡೆಯ ತೋಟದಲ್ಲಿ ಕಾಫಿ ಗಿಡಕ್ಕೆ ಗುಂಡಿ ತೋಡುವಾಗ
ಬೊಳ್ಳಿಯ ಗುದ್ದಲಿಗೆ ಸಿಕ್ಕ ಮಣ್ಣಿನ ಹಲಗೆಯನ್ನು
ಟವೆಲಿನಲ್ಲಿ ಸುತ್ತಿ, ಎಳೆಕೂಸನ್ನು ತಂದ ಹಾಗೆ,
ಇಂದುಮತಿ ಮೇಡಂ ವಿರಾಜಪೇಟೆಯ ನನ್ನಂಗಡಿಗೆ ತಂದರು.
ಗಾಜಿನ ಮೇಲೆ ಬಿಚ್ಚಿಟ್ಟು,
"ಚೋಮುಣಿಯವರೇ, ಇದು ಏನಿರಬಹುದು?"

ಪಡ್ಡಿನ ಕಾವಲಿ ಅಂದಿದ್ದರಂತೆ ತೋಟದ ರೈಟರು.
ಪಡ್ಡಾದರೆ ಇಲಿಗೆ ಬಡಿಸಬೇಕು: ಒಂದೊಂದು ಗುಳಿಯೂ
ಕಿರುಬೆರಳ ತುದಿಯಷ್ಟೇ.
ಎರಡು ಅಂಚು ಮುರಿದಿದೆ. ಉಳಿದದ್ದು ಇಪ್ಪತ್ತಮೂರು.
ನಾಲಿಗೆ ತಾಗಿಸಿದೆ, ಅವರು ಬೆಚ್ಚಿದರು.
ಬೂದಿ. ಬೂದಿಯಡಿ ಇನ್ನೊಂದು ರುಚಿ,
ನನ್ನ ಅಪ್ಪನ ಅಂಗೈಯಲ್ಲಿ ಇರುತ್ತಿದ್ದದ್ದು.

"ಇದು ಅಡುಗೆಮನೆಯದಲ್ಲ ಮೇಡಂ, ಟಂಕಸಾಲೆಯದು."

ಬಾಯಲ್ಲಿ ಹೇಳಿದರೆ ನಂಬುತ್ತಿದ್ದರೋ ಏನೋ, ಕುಲುಮೆ ಹೊತ್ತಿಸಿದೆ.
ತಕ್ಕಡಿಯ ಒಂದು ಕಡೆ ನಾಲ್ಕು ಗುಲಗಂಜಿ,
ಇನ್ನೊಂದು ಕಡೆ ಅರದ ಕೆಳಗೆ ಉದುರಿದ ಬೆಳ್ಳಿಪುಡಿ.
ಜೇಡಿಯಲ್ಲಿ ಕಿರುಬೆರಳೊತ್ತಿ ಸುಟ್ಟ ಗುಳಿಗೆ ಸುರಿದು
ಇದ್ದಿಲು ಮುಚ್ಚಿ ಊದುಗೊಳವೆ ಹಿಡಿದೆ.
ಪುಡಿ ಮೊದಮೊದಲು ಪುಡಿಯಾಗಿಯೇ ಹಟ ಮಾಡುತ್ತದೆ.
ಆಮೇಲೆ ಬೆವರುತ್ತದೆ.
ಆಮೇಲೊಂದು ಗಳಿಗೆ, ಯಾರೋ ಹೆಸರು ಹಿಡಿದು ಕೂಗಿದಂತೆ,
ಅಷ್ಟೂ ಒಟ್ಟಿಗೇ ತಿರುಗಿ
ಗುಂಡಗೆ ನಿಲ್ಲುತ್ತದೆ.
ದುಂಡು ಮಾಡಿದ್ದು ನಾನಲ್ಲ, ಗುಳಿಯೂ ಅಲ್ಲ.
ಗುಳಿ ಅಳತೆ ಕಾಯುತ್ತದೆ, ಅಷ್ಟೆ.
ಆರಿದ ಮೇಲೆ ಅಡಿಗಲ್ಲಿಗಿಟ್ಟು ಒಂದೇಟು: ಬಿಲ್ಲೆ.
ಕೆತ್ತಿದ ಅಚ್ಚಿನ ಮೇಲಿಟ್ಟು ಇನ್ನೊಂದೇಟು: ದುಡ್ಡು.

ಮೇಡಂ ಫೋನಿನಲ್ಲಿ ಒಂದು ಚಿತ್ರ ತೆಗೆದರು.
ಸಮುದ್ರದಾಚೆ, ಹಿಮ ಬೀಳುವ ಸೀಮೆಯಲ್ಲಿ,
ಕೆಲ್ಟರೆಂಬ ಜನ ಎರಡು ಸಾವಿರ ವರ್ಷದ ಹಿಂದೆ ಬಿಟ್ಟುಹೋದ ಹಲಗೆ.
ಏಳು ಸಾಲು, ಸಾಲಿಗೇಳು, ನೆತ್ತಿಯಲ್ಲಿ ಹೆಚ್ಚಿನದೊಂದು.
ಅಂಚಿನಲ್ಲಿ ಹೆಬ್ಬೆರಳ ಗುರುತು.
ಅವನ ಉಗುರೂ ನನ್ನದರಂತೆ ಸೀಳಿತ್ತು.

ಅವರ ದುಡ್ಡಿನ ಮೇಲೆ ಕುದುರೆ,
ದೂರದ ಯಾವನೋ ಅರಸನ ನಾಣ್ಯದ ರಥದಿಂದ ಬಿಚ್ಚಿ ತಂದದ್ದು.
ಒಬ್ಬ ನೋಡಿ ಕೆತ್ತಿದ, ಅವನದನ್ನು ನೋಡಿ ಮತ್ತೊಬ್ಬ.
ಮೊಮ್ಮಗನ ಕಾಲಕ್ಕೆ ರಥ ಉದುರಿ ಗಾಲಿಯೊಂದು ಉಳಿಯಿತು,
ಕತ್ತು ಬಿಲ್ಲಾಯಿತು, ಕಾಲು ಕಡ್ಡಿ, ಗೊರಸು ಚುಕ್ಕಿ.
"ಕೆಲಸ ಕೆಟ್ಟಿತು ಅನ್ನುತ್ತಿದ್ದರು ಹಳಬರು" ಎಂದರು ಮೇಡಂ.
ನನಗೆ ನಗು ಬಂತು.
ಓಡುವ ಕುದುರೆ ಇನ್ನು ಹೇಗೆ ಕಾಣಬೇಕು?

ಪೆಟ್ಟಿಗೆಯಿಂದ ಅಜ್ಜಿಯ ವೀರರಾಯ ಹಣ ತೆಗೆದೆ.
ಮೀನಿನ ಹುರುಪೆಯಷ್ಟು ಚಿನ್ನ, ಸೀನಿದರೆ ಹಾರುತ್ತದೆ.
ಅದರಲ್ಲೂ ಒಂದು ಬಾಗಿದ ಗೆರೆ, ಕೆಲವು ಚುಕ್ಕಿ.
ಸಿಂಹ ಅನ್ನುವವರಿದ್ದಾರೆ, ಮೊಸಳೆ ಅನ್ನುವವರೂ.
ಅಜ್ಜಿಗೆ ಅದು ಗದ್ದೆಯ ಏಡಿ.

ಇಲ್ಲಿಯ ಮದುವೆಗಳಲ್ಲಿ ಸಂಬಂಧ ಕೊಡುವಾಗ
ಹೊನ್ನಿನ ಲೆಕ್ಕಕ್ಕೆ ಹರಳು ಎಣಿಸುತ್ತಾರೆ.
ಹನ್ನೆರಡರಲ್ಲಿ ಹನ್ನೊಂದು ಹುಡುಗಿಯ ಜೊತೆ ಹೋಗುತ್ತವೆ,
ಒಂದು ತವರಲ್ಲೇ.
ಹೊಳೆಯ ಕಲ್ಲು. ಯಾರೂ ಒರೆಗೆ ಹಚ್ಚಿ ನೋಡುವುದಿಲ್ಲ.

ಬೊಳ್ಳಿ ಇಷ್ಟು ಹೊತ್ತೂ ಹೊಸ್ತಿಲಾಚೆ ನಿಂತಿದ್ದಳು.
ಆವತ್ತು ಕೆಲಸ ಬಿಟ್ಟು ಹಲಗೆಯ ಮಣ್ಣು ಬಿಡಿಸುತ್ತ ಕೂತಿದ್ದಕ್ಕೆ
ರೈಟರು ಅರ್ಧ ದಿನದ ಕೂಲಿ ಹಿಡಿದರಂತೆ.
ವರದಿಯಲ್ಲಿ ತೋಟದ ಹೆಸರಿದೆ, ಸರ್ವೆ ನಂಬರಿದೆ, ಎಷ್ಟಡಿ ಆಳ ಅಂತಲೂ ಇದೆ.
"ನನ್ನದು?" ಅಂದಳು.
ಮೇಡಂ ಪೆನ್ನಿನ ಮುಚ್ಚಳ ತೆಗೆದರು.
ಬೊಳ್ಳಿ ಅಂದರೆ ಬೆಳ್ಳಿ ಎಂದು ನಾನು ಹೇಳಬೇಕಾಯಿತು.

ಅವಳು ಒಳಗೆ ಬಂದು ಮೂಲೆಯ ಗುಳಿಗೆ ಬೆರಳಿಟ್ಟಳು:
"ಇದನ್ನ ನಾನು ಕೆದಕಲಿಲ್ಲ. ಒಳಗೆ ಏನೋ ಇದೆ."
ಸೂಜಿಯಿಂದ ಮೆಲ್ಲಗೆ ಮಣ್ಣು ಸರಿಸಿದೆ.
ಸಾಸಿವೆಗಿಂತ ತುಸು ದೊಡ್ಡದು, ಕಪ್ಪಗೆ, ದುಂಡಗೆ,
ಸೂಜಿ ತಾಗಿದಲ್ಲಿ ಬಿಳುಪು.

ಸಂಜೆ ಎಣಿಸುವಾಗ ಅಲ್ಲಿ ಒಂದು ಕಮ್ಮಿ ಬಿದ್ದಿರಬೇಕು.
ಯಾರ ಮಡಿಲು ಒದರಿಸಿದರೋ.
ಯಾರ ಕೂಲಿ ಹಿಡಿದರೋ.