ಒಂದು ಹನಿ ಹೆಚ್ಚು

ಮೋಶಿಯ ಕ್ರಶರುಗಳಿಂದ ಹೊರಟ ಟಿಪ್ಪರು
ತಾಡಪಾಲು ಹೊದ್ದಂತೆ ಮಾಡಿ ಹೊದೆಯದೆ
ಚಾಕಣದ ರಸ್ತೆಗೆ ಬೀಳುವುದು ಬೆಳಗಿನ ಆರೂಕಾಲಕ್ಕೆ.
ನಾನೂ ಆಗಲೇ.
ಅದು ಮುಂದೆ, ನಾನು ಹಿಂದೆ,
ಎಡಕ್ಕೆ ಜಾಗವಿಲ್ಲ, ಬಲಕ್ಕೆ ಬಸ್ಸು.
ಟಣ್.
ಹೆಸರುಕಾಳಿನಷ್ಟು ಕಲ್ಲು,
ಬಾನೆಟ್ಟಿನ ಮೂಗಿನ ಮೇಲೆ ಸಾಸಿವೆಯಷ್ಟು ಗಾಯ.

ಎರಡು ವರ್ಷಕ್ಕೆ ಹದಿನೇಳು.
ಎಣಿಸಿದ್ದೇನೆ. ಎಣಿಸುವುದೇ ಹೊಟ್ಟೆಪಾಡು:
ದಿನಕ್ಕೆ ಎಂಟು ನೂರು ಗೇರುಚಕ್ರ
ಟ್ಯೂಬ್‌ಲೈಟಿನಡಿ ತಿರುಗಿಸಿ ತಿರುಗಿಸಿ
ಇದು ಸೈ, ಇದು ಅಲ್ಲ ಎಂದು ಬದಿಗಿಡುತ್ತೇನೆ.
ಈ ಕಣ್ಣಿಂದ ಕೂದಲೆಳೆಯ ಗೀರೂ ತಪ್ಪಿಸಿಕೊಂಡಿಲ್ಲವೆಂದು
ಮೇಲಿನವರು ಬರೆದುಕೊಟ್ಟಿದ್ದಾರೆ.

ಭಾನುವಾರ. ನಿಗಡಿ. ಸೊಸೈಟಿಯ ನಲ್ಲಿ ಹತ್ತಕ್ಕೆ ನಿಲ್ಲುತ್ತದೆ.
ಬಕೆಟ್ಟಿನಲ್ಲಿ ಶಾಂಪೂ ನೊರೆ, ಟಾರಿನ ಕಲೆಗೆ ಸೀಮೆಎಣ್ಣೆಯ ಬಟ್ಟೆ,
ಆಮೇಲೆ ಮಂಡಿಯೂರಿ ಸೂಜಿಮೊನೆಯಿಂದ
ಒಂದೊಂದು ಗುಳಿಯ ತುಕ್ಕು ಕೆದಕುತ್ತ ಹೋದರೆ
ಬಿಳಿಯ ಕೆಳಗೆ ಬೂದಿ ಬರಬೇಕು, ಬೂದಿಯ ಕೆಳಗೆ ತಗಡು.

ಬಂದದ್ದು ಕೆಂಪು.

ತುಕ್ಕಲ್ಲ. ಬಣ್ಣ.
ಬೆಂಕಿಕಡ್ಡಿಯ ತಲೆಯಂಥ ಕೆಂಪು.
ಬಾಗಿಲಲ್ಲಿ ನೋಡಿದೆ, ಇಲ್ಲ. ಬಂಪರಿನ ಪಕ್ಕ, ಇಲ್ಲ.
ಹದಿನೇಳರಲ್ಲಿ ಹನ್ನೊಂದು ಬಾನೆಟ್ಟಿನವು, ಹನ್ನೊಂದೂ ಕೆಂಪು.
“ಒಂದೇ ಕೈ ಓಡಿಸಿದ್ದು, ಎಲ್ಲೂ ತಾಗಿಸಿದ್ದಿಲ್ಲ” ಎಂದು
ಚಹಾ ಕೊಟ್ಟು, ಒರೆಸುವ ಬಟ್ಟೆಯನ್ನೂ ಮಡಚಿ ಜೊತೆಗಿಟ್ಟ
ಸಹಕಾರನಗರದ ಗದ್ರೆಯವರ ಮಾತಿಗೆ ಎದುರಾಗಿ
ಹನ್ನೊಂದು ಸಾಕ್ಷಿಗಳು,
ಒಂದೊಂದೂ ಸಾಸಿವೆಯಷ್ಟೇ ಬಾಯಿ ತೆರೆದು.

ಫೋನು ತೆಗೆದೆ. ಇಟ್ಟೆ.
ಅಂದು ಸುತ್ತ ನೋಡಿ ಸೈ ಎಂದವಳು ನಾನೇ.

ಭವಾನಿ ಪೇಠೆಯ ಗಲ್ಲಿಯಲ್ಲಿ ಲಾಡ್ಲೇಸಾಬನ ಬಣ್ಣದಂಗಡಿ.
ಬಾಗಿಲ ಕಂಬದ ಮೇಲಿನ ಕೋಡು ಬರೆದೊಯ್ದಿದ್ದೆ.
ಚೀಟಿಯನ್ನು ಮುಟ್ಟಲೇ ಇಲ್ಲ.
“ಅದು ಗಾಡಿ ಹುಟ್ಟಿದ ದಿನದ ಬಣ್ಣ ಅಕ್ಕಾ.
ಬಿಸಲ ತಿಂದ ಬಣ್ಣ ಕಾಗದದಾಗ ಇರೂದಿಲ್ಲ.”
ಅಥಣಿ ಕಡೆಯವಳೆಂದು ನಾನು ಹೇಳುವ ಮೊದಲೇ
ನನ್ನ ಮರಾಠಿಯ ಅಡಿಯಿಂದ
ಕನ್ನಡವನ್ನು ಕೆದಕಿ ತೆಗೆದಿದ್ದ.

ಹೊರಗೆ ಬಂದ. ಕೆನ್ನೆ ತಾಗುವಷ್ಟು ಬಾಗಿ
ಬಾನೆಟ್ಟನ್ನು ಅಡ್ಡಕ್ಕೆ ನೋಡಿದ, ಉಗುರಾಡಿಸಿದ, ನಕ್ಕ.
“ಇದು ನನ್ನ ಕೈದ.
ಒಂದ ಹನಿ ಹಳದಿ ಹೆಚ್ಚ ಬಿದ್ದೈತಿ ನೋಡ್ರಿ.
ಆವತ್ತ ಕರೆಂಟ ಹೋಗಿತ್ತು, ಮೊಬೈಲ ಬೆಳಕಿನ್ಯಾಗ ಕಲಸೀನಿ.
ಮುಂಜಾನೆ ನೋಡೂದ್ರಾಗ ಮಾಲು ಹೋಗಿತ್ತು.”
ಯಾರು ತಂದಿದ್ದರು? ಆ ಕೆಂಪು ಯಾವ ಗಾಡಿಯದು?
ಅದರೊಳಗಿದ್ದವರು?
“ಮಂದಿ ನೆನಪ ಉಳಿಯೂದಿಲ್ಲ ನನಗ.”

ತವರದ ಡಬ್ಬಿಗೆ ಬಿಳಿ ಸುರಿದ,
ಕಪ್ಪು, ಕಡ್ಡಿಯ ತುದಿಯಷ್ಟು,
ಹಳದಿ, ಒಂದು ಹನಿ. ತಡೆದ.
ಬಾನೆಟ್ಟಿನತ್ತ ಕತ್ತು ಚಾಚಿ
ಬೇಕೆಂದೇ ಇನ್ನೊಂದು ಹನಿ ಬಿಟ್ಟ.
“ತಪ್ಪಿಗೆ ಸರಿ ಹಚ್ಚಿದ್ರ ಕಲೆ ಕಾಣತೈತಿ.”
ದುಡ್ಡು ಮಾತ್ರ ಬಿಡಲಿಲ್ಲ: ಇನ್ನೂರೈವತ್ತು,
ಬಾಟಲಿ ನಾನೇ ತಂದಿದ್ದರೆ ಹತ್ತು ಕಡಿಮೆಯಿತ್ತಂತೆ.

ಕುಂಚ ಬೇಡ, ಅದು ಮೆತ್ತುತ್ತದೆ. ಹಲ್ಲುಕಡ್ಡಿ ಸಾಕು.
ಮೊನೆಯಲ್ಲಿ ಒಂದು ತೊಟ್ಟು, ಅರ್ಧ ಗಂಟೆ, ಮತ್ತೊಂದು ತೊಟ್ಟು,
ಸುತ್ತಲಿನ ಬಣ್ಣಕ್ಕಿಂತ ಕೂದಲಷ್ಟು ಉಬ್ಬಿ ನಿಲ್ಲುವವರೆಗೆ.
ವಾರ ಕಳೆದು ಪಾಲಿಶ್ ಕಾಗದ ಒದ್ದೆ ಮಾಡಿ
ಮಗುವಿನ ಮೂಗು ಒರೆಸಿದಂತೆ, ಮೆಲ್ಲಗೆ.
ಕೆಂಪು ಒಳಗೆ ಹೋಯಿತು.

“ಎಲ್ಲಿತ್ತು ಮೇಡಂ?” ಎಂದ ಕಾವಲಿನ ಧಾಯಗುಡೆ.
ತೋರಿಸಲು ಬಾಗಿದೆ.
ಎಂಟು ನೂರು ಚಕ್ರ ನೋಡುವ ಕಣ್ಣಿಗೆ
ಹನ್ನೊಂದರಲ್ಲಿ ನಾಲ್ಕು ಸಿಕ್ಕವು,
ಅವೂ ಬೆರಳಿಗೆ.

ಸೋಮವಾರ ಆರೂಕಾಲು. ಟಿಪ್ಪರು ಮುಂದೆ.
ಈ ಸಲ ಅಂತರ ಬಿಟ್ಟೆ.
ಬಿಟ್ಟ ಅಂತರದೊಳಕ್ಕೆ ಒಂದು ರಿಕ್ಷಾ ತೂರಿಕೊಂಡಿತು.