ಪೊರೆ

ಬಸ್ರಾದಲ್ಲಿ ಜುಲೈ ಎಂದರೆ
ಬಾಗಿಲ ಚಿಲಕ ಮುಟ್ಟಲೂ ಬಟ್ಟೆ ಬೇಕು.
ನಲ್ಲಿಯಲ್ಲಿ ತಣ್ಣೀರು ಎಂಬುದು ಬರೀ ಹೆಸರಿಗೆ.
ಅಂಥದೊಂದು ಮಧ್ಯಾಹ್ನ ಸಬೀಹಾ ಫೋನು ಮಾಡಿದಳು:
"ಘಾನಿಮ್, ಇದಕ್ಕೆ ಮತ್ತೆ ಜ್ವರ.
ರಾತ್ರಿ ಮದುಮಗಳ ಕಡೆಯವರು ಬರುತ್ತಾರೆ,
ಮೂರು ಗಂಟೆಯ ಮದುವೆ
ಅರ್ಧಕ್ಕೇ ನಿಂತಿದೆ."

ಅಶಾರ್ ಪೇಟೆಯಿಂದ ಅವಳ ಸ್ಟುಡಿಯೋಗೆ
ಒಂದು ಕಾಲುವೆ, ಎರಡು ಜನರೇಟರು ದೂರ.
ಜೇಬಲ್ಲಿ ಬ್ರಶ್ಶು, ಸ್ಪಿರಿಟ್ಟು, ಪೇಸ್ಟಿನ ಟ್ಯೂಬು.
ಮೆಟ್ಟಿಲ ಮೇಲೇ ಕೇಳಿಸಿತು ಫ್ಯಾನಿನ ಏದುಸಿರು,
ಮೂಟೆ ಹೊತ್ತು ಮಾಳಿಗೆ ಹತ್ತಿದ ಮುದುಕನಂತೆ.

ಪರದೆಯ ಮೂಲೆಯಲ್ಲಿ ತೊಂಬತ್ತೇಳು.
ಹೊರಗೆ ಐವತ್ತು.
ಡಬ್ಬದ ಮೇಲೆ ಅಂಗೈಯ ಹಿಂಬದಿ ಇಟ್ಟು
"ನೋಡು" ಎಂದಳು,
ಮಗುವಿನ ಹಣೆ ತೋರಿಸುವಂತೆ.

ಮೂರು ಬೇಸಿಗೆ ಅವಳು ಮಾಡದ ಆರೈಕೆಯಿಲ್ಲ.
ಪಕ್ಕದ ತಗಡು ಬಿಚ್ಚಿ ಮೇಜಿನ ಫ್ಯಾನು ತಿರುಗಿಸಿದಳು,
ಕಾಲಡಿ ನಾಲ್ಕು ಇಟ್ಟಿಗೆ ಕೊಟ್ಟಳು,
ಕೆಲಸವನ್ನೆಲ್ಲ ನಡುರಾತ್ರಿಗೆ ಎತ್ತಿಹಾಕಿ
ತಾನು ನಿದ್ದೆ ಬಿಟ್ಟಳು.
ಅದೂ ಪಾಪ, ಸಾಯುವ ಬದಲು ನಿಧಾನವಾಯಿತು.
ಕಾದ ತಲೆಗೆ ಅಷ್ಟು ಬುದ್ಧಿ ಇರುತ್ತದೆ:
ಹೆಜ್ಜೆ ಸಣ್ಣದು ಮಾಡಿಕೊಂಡು
ಗೋಡೆಯ ನೆರಳು ಹಿಡಿದು ನಡೆಯುವುದು.
ಬೈಸಿಕೊಂಡವರು ಮಾತ್ರ ಯಾರು ಯಾರೋ:
ಮರಳುಗಾಳಿ, ವಿದ್ಯುತ್ ಇಲಾಖೆ, ಜನರೇಟರಿನ ಮಾಲೀಕ,
ಒಮ್ಮೊಮ್ಮೆ ಮದುಮಕ್ಕಳೂ —
ಇಷ್ಟು ಹೊತ್ತು ಕುಣಿಯಬೇಕಿತ್ತೇ?

ಬಿಚ್ಚಿದೆ. ಕೂಲರಿನ ಎಸಳುಗಳ ಸಂದಿಯಲ್ಲಿ
ಕಂಬಳಿ ಹೊದ್ದು ಕೂತಿತ್ತು ಮರುಭೂಮಿ.
ಫ್ಯಾನು ತಿರುಗದಂತೆ ಬೆರಳಲ್ಲಿ ಹಿಡಿದು ಊದಿದೆ.
ಬಿಸಿಲುಕೋಲಿನಲ್ಲಿ ಧೂಳು ಎದ್ದು ನಿಂತಿತು.
ಇಷ್ಟೇ ಇರಬೇಕು ಎಂದುಕೊಂಡೆ.
ಆದರೂ ನಾಲ್ಕು ತಿರುಪು ಸಡಿಲಿಸಿ
ಕೂಲರನ್ನು ಮೆಲ್ಲಗೆ ತಿರುಚಿ ಎತ್ತಿದೆ.

ಅದರ ತಾಮ್ರದ ಅಂಗಾಲಿಗೆ
ಅಂಟಿಕೊಂಡೇ ಇತ್ತು
ಉಗುರಿನಷ್ಟೂ ದಪ್ಪವಿಲ್ಲದ ಪ್ಲಾಸ್ಟಿಕ್ಕು.
ಕಾರ್ಖಾನೆಯವರು ಗೀರು ಬೀಳದಿರಲೆಂದು
ಪೊರೆಯಲೆಂದೇ ಹಚ್ಚಿದ ಪೊರೆ.
ಕೂರಿಸುವ ಮುನ್ನ ಕೀಳಬೇಕು.
ಅಂಚಿನಲ್ಲಿ ಕೆಂಪಕ್ಷರದಲ್ಲಿ ಬರೆದೂ ಇದೆ.

ಮೂರು ವರ್ಷದ ಹಿಂದೆ ಕೂರಿಸಿದವನು ನಾನು.
ಅವತ್ತು ಯಾವ ಅವಸರವಿತ್ತೋ,
ಯಾರ ಫೋನು ಬಂತೋ, ನೆನಪಿಲ್ಲ.
ನೆನಪಿರುವುದು ಎಣಿಸಿಕೊಂಡ ದುಡ್ಡು,
ಅವಳು ಕೊಟ್ಟ ಒಣನಿಂಬೆಯ ಚಹಾ.

ಸಬೀಹಾ ಒಳಗೆ ಲೋಟ ತೊಳೆಯುತ್ತಿದ್ದಳು.
ಕಿತ್ತೆ. ಸದ್ದೇ ಆಗಲಿಲ್ಲ.
ಸ್ಪಿರಿಟ್ಟು ಹಾಕಿ ತಾಮ್ರ ಉಜ್ಜಿದೆ,
ಅದರಲ್ಲಿ ನನ್ನ ಮುಖ ಕಾಣುವ ಮೊದಲೇ
ಪ್ರೊಸೆಸರಿನ ನೆತ್ತಿಗೆ, ಕೂಸಿಗೆ ಎಣ್ಣೆಯಿಟ್ಟಂತೆ,
ಕಡಲೆಕಾಳಿನಷ್ಟು ಹೊಸ ಪೇಸ್ಟಿಟ್ಟು
ಮುಚ್ಚಿದೆ. ತಿರುಪು ಬಿಗಿದೆ,
ಮೂಲೆಯಿಂದ ಎದುರುಮೂಲೆಗೆ, ಸ್ವಲ್ಪ ಸ್ವಲ್ಪವೇ.

ನಿಂತಿದ್ದ ಮದುವೆ ಹೊರಟಿತು.
ಅರವತ್ತೆಂಟು. ಎಪ್ಪತ್ತೊಂದು. ಎಪ್ಪತ್ತೆರಡು.
ಅಲ್ಲೇ ನಿಂತಿತು.
ಫ್ಯಾನಿನ ದನಿ ಇಳಿದು
ಕೋಣೆಯೊಳಗೆ ಬೀದಿಯ ಸದ್ದು ಬಂತು,
ಯಾರೋ ಕಲ್ಲಂಗಡಿ ಕೂಗುತ್ತಿದ್ದರು.
"ಏನಾಗಿತ್ತು?" ಎಂದಳು.
"ಧೂಳು" ಎಂದೆ.
ಸುಳ್ಳಲ್ಲ. ಧೂಳೂ ಇತ್ತು.

ದುಡ್ಡು ಬೇಡವೆಂದೆ.
ಅನುಮಾನದಿಂದ ನೋಡಿ, ಆಮೇಲೆ ನಕ್ಕು,
"ದೇವರು ನಿನ್ನ ಕಣ್ಣು ತಂಪಾಗಿಡಲಿ" ಎಂದಳು.
ಚಹಾ ಆರುವ ತನಕ ಕೂರಲಾಗಲಿಲ್ಲ,
ಬಿಸಿಯಿದ್ದಂತೆಯೇ ನುಂಗಿದೆ.

ಕಾಲುವೆಯ ಸೇತುವೆ ಮೇಲೆ ಜೇಬಿಗೆ ಕೈ ಹಾಕಿದರೆ
ಬೆರಳಿಗೆ ಅಂಟಿತು ಅದು.
ಕೊಡವಿದೆ. ಪಕ್ಕದ ಬೆರಳಿಗೆ ದಾಟಿತು.
ತಿರುಗಿ ನಡೆದೆ, ಹೇಳಿಬಿಡೋಣವೆಂದು,
ಅವಳ ಕಿಟಕಿಯ ಕೆಳಗಿನವರೆಗೂ ಬಂದೆ.

ಪರದೆ ಎಳೆದಿತ್ತು.
ಮೂರು ಬೇಸಿಗೆಯಲ್ಲಿ ಮೊದಲ ಸಲ
ಯಂತ್ರವನ್ನು ಅದರಷ್ಟಕ್ಕೆ ಬಿಟ್ಟು
ಸಬೀಹಾ ಮಲಗಿದ್ದಳು.

ಎಬ್ಬಿಸಲು ಮನಸ್ಸು ಬರಲಿಲ್ಲ.
ಅದೂ ಸುಳ್ಳಲ್ಲ,
ಧೂಳಿನಷ್ಟೇ.